ಅರ್ಧ ಎಂ.ಎಲ್. ಅಡ್ರಿನಲಿನ್

"ಸಾರ್, ಅಂಗೈ ಯಾಕೋ ಕಡಿಯುತ್ತಿದೆ" ಎಂದು ಅವರು ಬಾಗಿಲ ಬಳಿ ನಿಂತು ಹೇಳಿದಾಗ ನಾನು ಮುಂದಿನವರ ಚೀಟಿ ಬರೆಯುತ್ತಿದ್ದೆ. ಮಂಡ್ಯ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ನನ್ನ ಎರಡನೆಯ ವರ್ಷ. ಕಬ್ಬು ಕಟಾವಿನ ಸಮಯ, ಸೊಂಟ ಹಿಡಿದುಕೊಂಡು ಬರುವವರೇ ಹೆಚ್ಚು. ನಲವತ್ತು ದಾಟಿದ ಆ ರೈತರೂ ಹಾಗೆಯೇ ಬಂದಿದ್ದರು. ಮಾತ್ರೆ ಬೇಡ, ಸಂಜೆಯೊಳಗೆ ಲಾರಿ ತುಂಬಬೇಕು, ಸೂಜಿಯನ್ನೇ ಹಾಕಿ ಎಂದರು. ನೋವಿನ ಔಷಧ ಡೈಕ್ಲೋಫೆನಾಕ್ ಕೊಟ್ಟು ಐದು ನಿಮಿಷವೂ ಆಗಿರಲಿಲ್ಲ.

ಅಂಗೈ, ಅಂಗಾಲು, ನೆತ್ತಿ ಕಡಿಯುವುದು ಎಷ್ಟೋ ಸಲ ಔಷಧದ ತೀವ್ರ ಅಲರ್ಜಿಯ ಮೊದಲ ಸುಳಿವು. ನಾನು ತಲೆಯೆತ್ತುವಷ್ಟರಲ್ಲಿ ಕುತ್ತಿಗೆ ಕೆಂಪೇರಿತ್ತು, ಎದೆಯ ಮೇಲೆ ಗಂಧೆಗಳು ಏಳುತ್ತಿದ್ದವು. ಎರಡು ಸಲ ಕೆಮ್ಮಿದರು. ಮತ್ತೆ ಮಾತನಾಡಿದಾಗ ದನಿ ಒಡೆದಿತ್ತು. "ಏನೋ ಆಗುತ್ತಿದೆ ಸಾರ್, ನಾನು ಉಳಿಯುವುದಿಲ್ಲ" ಎಂದರು. ರೋಗಿ ಹೀಗೆಂದರೆ ಅದನ್ನು ಹೆದರಿಕೆ ಎಂದು ತಳ್ಳಿಹಾಕಬಾರದು. ಈ ಕಾಯಿಲೆಯಲ್ಲಿ ಅದೂ ಒಂದು ಲಕ್ಷಣ.

ಮಂಚದ ಮೇಲೆ ಮಲಗಿಸಿ ಮಣಿಕಟ್ಟು ಹಿಡಿದರೆ ನಾಡಿ ದಾರದಂತೆ ಸಣ್ಣಗೆ, ಓಡುತ್ತಿತ್ತು. ರಕ್ತದೊತ್ತಡದ ಮೇಲಿನ ಅಂಕಿ 70. ಸೂಜಿ ಕಂಡು ತಲೆಸುತ್ತಿ ಬೀಳುವವರನ್ನು ನಾವು ದಿನವೂ ನೋಡುತ್ತೇವೆ. ಅವರ ನಾಡಿ ನಿಧಾನವಾಗಿರುತ್ತದೆ, ಮೈ ಬಿಳಿಚಿ ತಣ್ಣಗಿರುತ್ತದೆ, ಮಲಗಿಸಿದರೆ ಸುಧಾರಿಸಿಕೊಳ್ಳುತ್ತಾರೆ. ಇಲ್ಲಿ ಮೈ ಕೆಂಪು, ನಾಡಿ ವೇಗ, ಉಸಿರಿನಲ್ಲಿ ಸುಂಯ್ ಎನ್ನುವ ಸದ್ದು. ಅನುಮಾನಕ್ಕೆ ಎಡೆಯೇ ಇರಲಿಲ್ಲ, ಇದು ಅನಾಫಿಲ್ಯಾಕ್ಸಿಸ್, ನಿಮಿಷಗಳಲ್ಲಿ ಜೀವಕ್ಕೇ ಎರವಾಗಬಲ್ಲ ಅಲರ್ಜಿ.

ಸಿಸ್ಟರ್ ಅಷ್ಟರಲ್ಲಿ ಅಲರ್ಜಿಗೆ ಕೊಡುವ ಏವಿಲ್ ಮತ್ತು ಸ್ಟೀರಾಯ್ಡ್ ಆದ ಡೆಕ್ಸೋನಾ ಒಡೆದು ಸಿರಿಂಜಿಗೆ ಎಳೆಯುತ್ತಿದ್ದರು. ಅವರ ತಪ್ಪೇನೂ ಇಲ್ಲ. ರಿಯಾಕ್ಷನ್ ಎಂದರೆ ಈ ಎರಡನ್ನು ಕೊಡುವುದು ನಮ್ಮ ಕಡೆ ಬೇರುಬಿಟ್ಟ ರೂಢಿ. ಏವಿಲ್ ತುರಿಕೆಯನ್ನು ಇಳಿಸುತ್ತದೆ, ಡೆಕ್ಸೋನಾ ಕೆಲಸಕ್ಕೆ ಇಳಿಯಲು ಗಂಟೆಗಳೇ ಬೇಕು. ಮುಚ್ಚಿಕೊಳ್ಳುತ್ತಿರುವ ಗಂಟಲನ್ನು ತೆರೆಯುವ, ಕುಸಿದ ರಕ್ತದೊತ್ತಡವನ್ನು ಎತ್ತುವ ಶಕ್ತಿ ಎರಡಕ್ಕೂ ಇಲ್ಲ. ಅದು ಅಡ್ರಿನಲಿನ್ ಒಂದರ ಕೆಲಸ. ಏವಿಲ್ ಕೊಟ್ಟು ನೋಡೋಣ ಎಂದು ಕಾಯುವ ಹತ್ತು ನಿಮಿಷಗಳಲ್ಲಿ ಜೀವ ಹೋಗಬಹುದು. ಈ ಮಾತನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಒಂದು ಎಂ.ಎಲ್. ಆಂಪೂಲಿನಲ್ಲಿ, ಅಂದರೆ ಔಷಧದ ಪುಟ್ಟ ಗಾಜಿನ ಸೀಸೆಯಲ್ಲಿ, ಒಂದು ಮಿಲಿಗ್ರಾಂ ಅಡ್ರಿನಲಿನ್ ಇರುತ್ತದೆ. ಅದರಲ್ಲಿ ಅರ್ಧ ಎಳೆದುಕೊಂಡೆ. ಪಂಚೆ ಸರಿಸಿ ತೊಡೆಯ ನಡುಭಾಗದಲ್ಲಿ, ಹೊರಮಗ್ಗುಲಿನ ಸ್ನಾಯುವಿಗೆ ನೇರವಾಗಿ ಚುಚ್ಚಿದೆ. ತೋಳಿಗಿಂತ ತೊಡೆಯಿಂದ ಔಷಧ ಬೇಗ ರಕ್ತಕ್ಕೆ ಸೇರುತ್ತದೆ. ಇದೇ ಪ್ರಮಾಣವನ್ನು ಒಮ್ಮೆಲೇ ರಕ್ತನಾಳಕ್ಕೆ ಕೊಟ್ಟರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಆ ಹೆದರಿಕೆಯಿಂದಲೇ ಹಲವರು ಅಡ್ರಿನಲಿನ್ ಮುಟ್ಟುವುದಿಲ್ಲ. ಸ್ನಾಯುವಿಗೆ ಕೊಡಲು ಹೆದರಬೇಕಾಗಿಲ್ಲ.

ಆಕ್ಸಿಜನ್ ಹಾಕಿದೆವು, ಕಾಲು ಎತ್ತರಿಸಿದೆವು, ಸಲೈನ್ ಪೂರ್ತಿ ವೇಗದಲ್ಲಿ ಬಿಟ್ಟೆವು, 108ಕ್ಕೆ ಕರೆ ಮಾಡಿಸಿದೆ. ಅವರ ಹೆಂಡತಿ ಗಂಡನನ್ನು ಎಬ್ಬಿಸಿ ಕೂರಿಸಿ ನೀರು ಕುಡಿಸಲು ಬಂದರು. "ಬೇಡ ತಾಯಿ, ಎಬ್ಬಿಸಬೇಡಿ" ಎಂದು ಕೈ ಹಿಡಿದು ತಡೆದೆ. ಒತ್ತಡ ಕುಸಿದವರನ್ನು ದಿಢೀರನೆ ಎಬ್ಬಿಸಿದರೆ ಹೃದಯಕ್ಕೆ ಮರಳುವ ರಕ್ತವೇ ನಿಂತು ಅಲ್ಲಿಯೇ ಪ್ರಾಣ ಹೋಗಬಹುದು. ಐದು ನಿಮಿಷವಾದರೂ ಒತ್ತಡ 80 ದಾಟಲಿಲ್ಲ. ಇನ್ನೊಂದು ತೊಡೆಗೆ ಇನ್ನರ್ಧ ಎಂ.ಎಲ್. ಕೊಟ್ಟೆ. ನಿಧಾನವಾಗಿ ಉಸಿರಿನ ಸದ್ದು ತಗ್ಗಿತು, ಒತ್ತಡ ನೂರಕ್ಕೆ ಬಂತು. ಅವರು ಕಣ್ಣು ಬಿಟ್ಟು, ಲಾರಿಯವನಿಗೆ ಹೇಳಿ ಕಳುಹಿಸಿ ಎಂದರು. ಮನೆಗೆ ಹೋಗುತ್ತೇನೆ ಎಂದು ಹಟವನ್ನೂ ಹಿಡಿದರು. ಒಪ್ಪಲಿಲ್ಲ, ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಕಳುಹಿಸಿದೆ. ಇಳಿದ ರಿಯಾಕ್ಷನ್ ಕೆಲವರಲ್ಲಿ ಕೆಲವು ಗಂಟೆಗಳ ನಂತರ ಮತ್ತೆ ಏಳುತ್ತದೆ.

ಆಂಬ್ಯುಲೆನ್ಸ್ ಹತ್ತುವಾಗ ಹೆಂಡತಿ ಹೇಳಿದ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. "ಎರಡು ವರ್ಷದ ಹಿಂದೆ ಅಂಗಡಿಯ ನೋವಿನ ಮಾತ್ರೆ ನುಂಗಿದಾಗಲೂ ತುಟಿ ಊದಿಕೊಂಡಿತ್ತು ಸ್ವಾಮಿ. ಪಿತ್ತ ಎಂದುಕೊಂಡೆವು." ಸೂಜಿ ಹಾಕುವ ಮುಂಚೆ ನಾನು ಕೇಳಿದ್ದೆ, "ಅಲರ್ಜಿ ಇದೆಯೇ?" ಎಂದು. ಅವರು ಇಲ್ಲ ಎಂದಿದ್ದರು. ಅವರ ಮನೆಯಲ್ಲಿ ಅದಕ್ಕೆ ಅಲರ್ಜಿ ಎಂಬ ಹೆಸರೇ ಇರಲಿಲ್ಲ. ಅಂದಿನಿಂದ ನನ್ನ ಪ್ರಶ್ನೆ ಬದಲಾಗಿದೆ. ಯಾವುದಾದರೂ ಮಾತ್ರೆ, ಸೂಜಿ ಮೈಗೆ ಆಗಿಬರಲಿಲ್ಲವೇ? ಗಂಧೆ ಎದ್ದಿತ್ತೇ, ಮುಖ ಊದಿತ್ತೇ, ಉಸಿರು ಕಟ್ಟಿತ್ತೇ? ಹೀಗೆ ಕೇಳಿದರೆ ಜನ ನೆನಪಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ಬಂದವರನ್ನೂ ಕೇಳುತ್ತೇನೆ.

ಎಲ್ಲರಿಗೂ ಗಂಧೆ ಏಳಲೇಬೇಕೆಂದೂ ಇಲ್ಲ. ಔಷಧ ಕೊಟ್ಟ ಕೂಡಲೇ ವಾಂತಿ, ಹೊಟ್ಟೆನುಲಿತದ ಜೊತೆ ಒತ್ತಡ ಕುಸಿದರೂ ಅದೇ ಕಾಯಿಲೆ. ಔಷಧದ ರಿಯಾಕ್ಷನ್ನಿನಲ್ಲಿ ಬೇರೆಯ ಬಗೆಯೂ ಒಂದಿದೆ: ಫಿಟ್ಸ್ ಮಾತ್ರೆ, ಸಲ್ಫಾ ಮಾತ್ರೆ, ಯೂರಿಕ್ ಆಮ್ಲ ತಗ್ಗಿಸುವ ಮಾತ್ರೆ ಶುರುಮಾಡಿದ ಕೆಲವು ವಾರಗಳಲ್ಲಿ ಜ್ವರ, ಬಾಯಿಹುಣ್ಣು, ಕಣ್ಣುರಿ ಬಂದು ಚರ್ಮ ಸುಲಿಯತೊಡಗಿದರೆ ಮಾತ್ರೆ ನಿಲ್ಲಿಸಿ ಅಂದೇ ದೊಡ್ಡಾಸ್ಪತ್ರೆಗೆ ಓಡಬೇಕು. ಅಲ್ಲಿ ಅಡ್ರಿನಲಿನ್ ಉಪಯೋಗಕ್ಕೆ ಬರುವುದಿಲ್ಲ.

ಆ ರೈತರು ವಾರದ ನಂತರ ಬಂದಾಗ ಒಂದು ಕಾರ್ಡಿನಲ್ಲಿ ಕನ್ನಡದಲ್ಲಿಯೇ ಬರೆದುಕೊಟ್ಟೆ: ಡೈಕ್ಲೋಫೆನಾಕ್, ಅದೇ ಗುಂಪಿನ ಅಸಿಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಕೊಡಕೂಡದು. ಬ್ರ್ಯಾಂಡಿನ ಹೆಸರು ಅಂಗಡಿಗೊಂದರಂತೆ ಬದಲಾಗುತ್ತದೆ, ಒಳಗಿನ ಔಷಧ ಅದೇ ಇರುತ್ತದೆ. ಕಾರ್ಡನ್ನು ಅವರು ಮೊಬೈಲಿನ ಕವರಿನೊಳಗೆ ಇಟ್ಟುಕೊಂಡರು.

ನಮ್ಮ ಇಂಜೆಕ್ಷನ್ ಕೋಣೆಯಲ್ಲಿ ಈಗ ಬೀಗವಿಲ್ಲದ ಒಂದು ಡಬ್ಬಿ ಇದೆ. ಎರಡು ಆಂಪೂಲ್, ಎರಡು ಸಿರಿಂಜು. ಬೆಳಕು ಬಿದ್ದರೆ ಅಡ್ರಿನಲಿನ್ ಕೆಡುತ್ತದೆ, ಕಂದು ಬಣ್ಣಕ್ಕೆ ತಿರುಗಿದ್ದನ್ನು ಎಸೆಯಬೇಕು. ಪ್ರತಿ ಸೋಮವಾರ ನೋಡುತ್ತೇವೆ. ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ: 'ತೊಡೆಗೆ. ದೊಡ್ಡವರಿಗೆ 0.5, ಆರರಿಂದ ಹನ್ನೆರಡು ವರ್ಷದವರಿಗೆ 0.3, ಆರು ತಿಂಗಳಿಂದ ಆರು ವರ್ಷದವರೆಗೆ 0.15 ಎಂ.ಎಲ್.' ಕಳೆದ ವರ್ಷ ನಾನು ಮಂಡ್ಯದಲ್ಲಿ ಸಭೆಯಲ್ಲಿದ್ದಾಗ ಸಿಸ್ಟರ್ ಫೋನ್ ಮಾಡಿದರು. ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಕೊಟ್ಟ ಹುಡುಗಿಯೊಬ್ಬಳಿಗೆ ಉಸಿರು ಕಟ್ಟುತ್ತಿದೆ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು: "ತೊಡೆಗೆ 0.3 ಕೊಟ್ಟಾಯಿತು ಸಾರ್. ಮಲಗಿಸಿದ್ದೇವೆ. 108 ಹೊರಟಿದೆ."