ಸಿಗರೇಟ್ ಬಿಟ್ಟು ಪೈಪ್ ಹಿಡಿಯುವವರಿಗೆ

ಸಿಗರೇಟಿನಿಂದ ಪೈಪಿಗೆ ಬರುವವರು ಎಡವುವುದು ಒಂದೇ ಜಾಗದಲ್ಲಿ: ಹೊಗೆಯನ್ನು ಎದೆಗೆ ಎಳೆದುಕೊಳ್ಳುತ್ತಾರೆ. ವರ್ಷಗಟ್ಟಲೆ ಬೆಳೆದ ರೂಢಿ, ಕೈಯಲ್ಲಿನ ವಸ್ತು ಬದಲಾದ ಮಾತ್ರಕ್ಕೆ ಹೋಗುವುದಿಲ್ಲ. ಮೊದಲಿನಿಂದ ಪೈಪನ್ನೇ ಸೇದಿದವರಿಗಿಂತ ಸಿಗರೇಟ್ ಬಿಟ್ಟು ಬಂದವರು ಹೆಚ್ಚು ಒಳಗೆಳೆಯುತ್ತಾರೆ ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಹಾಗೆ ಎಳೆದರೆ ಬದಲಾವಣೆಗೆ ಅರ್ಥವೇ ಇಲ್ಲ. ಹೊಗೆಯನ್ನು ಬಾಯಲ್ಲೇ ಇಟ್ಟುಕೊಂಡರೂ ತುಟಿ, ನಾಲಿಗೆ, ಗಂಟಲಿನ ಕ್ಯಾನ್ಸರಿನ ಅಪಾಯ ಇದ್ದೇ ಇರುತ್ತದೆ. ಪೂರ್ತಿ ಬಿಡುವ ಮನಸ್ಸಿದ್ದರೆ ಅದೇ ಸರಿಯಾದ ದಾರಿ. 1800-11-2356 ಶುಲ್ಕವಿಲ್ಲದ ರಾಷ್ಟ್ರೀಯ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಮುಂದಿನದೆಲ್ಲ, ಇದನ್ನು ತಿಳಿದೂ ಪೈಪನ್ನೇ ಆರಿಸಿಕೊಂಡ ದೊಡ್ಡವರಿಗೆ.

ಮೊದಲು ನಿಕೋಟಿನ್ ಲೆಕ್ಕ ತಿಳಿಯಬೇಕು. ಸಿಗರೇಟಿನ ಹೊಗೆ ತುಸು ಆಮ್ಲೀಯ. ಅದರಲ್ಲಿರುವ ನಿಕೋಟಿನ್ ಬಾಯಿಯ ಒಳಪದರದಿಂದ ಅಷ್ಟಾಗಿ ಇಳಿಯುವುದಿಲ್ಲ, ಶ್ವಾಸಕೋಶಕ್ಕೆ ಹೋದರೆ ಮಾತ್ರ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಗಾಳಿಯಲ್ಲಿ ಒಣಗಿಸಿದ ಬರ್ಲಿ ತಂಬಾಕಿನ ಹೊಗೆ ಕ್ಷಾರದ ಕಡೆಗೆ ವಾಲಿರುತ್ತದೆ, ಅದರ ನಿಕೋಟಿನ್ ಬಾಯಿಯಿಂದಲೇ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಸಿಗರೇಟ್ ಬಿಟ್ಟವರಿಗೆ ಬರ್ಲಿ ಹೆಚ್ಚಿರುವ ಮಿಶ್ರಣ ಹೊಂದುತ್ತದೆ. ಬರೀ ವರ್ಜೀನಿಯಾ ತಂಬಾಕಿನಲ್ಲಿ ಸಕ್ಕರೆ ಅಂಶ ಹೆಚ್ಚು, ಅವಸರದಿಂದ ಎಳೆದರೆ ನಾಲಿಗೆ ಉರಿಯುತ್ತದೆ. ವೆನಿಲ್ಲಾ, ಚೆರ್ರಿ ವಾಸನೆಯ ಮಿಶ್ರಣಗಳು ಮೂಗಿಗೆ ಹಿತ. ಆದರೆ ಅವು ಒಣಗದಿರಲೆಂದು ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿರುತ್ತಾರೆ. ಒದ್ದೆಯಾಗಿ ಉರಿದು ಬಿಸಿ ಹಬೆ ಬರುತ್ತದೆ, ಹೊಸಬರ ನಾಲಿಗೆ ಮೊದಲು ಸುಡುವುದು ಅದರಿಂದಲೇ. ಲಟಾಕಿಯಾ ಎಂಬುದು ಕಟ್ಟಿಗೆಯ ಹೊಗೆಯಲ್ಲಿ ಹದ ಮಾಡಿದ ತಂಬಾಕು. ಘಾಟು ಜಾಸ್ತಿ, ಅದರ ಸರದಿ ಆಮೇಲೆ ಬರಲಿ.

ಒಂದು ಎಚ್ಚರಿಕೆ. ಪಾನ್ ಡಬ್ಬಿಯಲ್ಲಿ ಸಿಗುವ ಜರ್ದಾ, ಸುಣ್ಣ ಹಚ್ಚಿ ತಿಕ್ಕುವ ತಂಬಾಕು, ಬೀಡಿ ಬಿಚ್ಚಿದ ಪುಡಿ, ಇವಾವನ್ನೂ ಪೈಪಿಗೆ ಹಾಕಬಾರದು. ಸಿಗರೇಟಿನ ತಂಬಾಕೂ ಬೇಡ: ಎಳೆ ಸಣ್ಣದು, ಬೇಗ ಉರಿದು ಬೌಲ್ (ಪೈಪಿನ ತಂಬಾಕು ತುಂಬುವ ಬಟ್ಟಲು) ಕಾಯಿಸುತ್ತದೆ. ಕಲಬುರಗಿ, ಯಾದಗಿರಿ ಕಡೆಯ ಪಾನ್ ಅಂಗಡಿಗಳಲ್ಲಿ ಪೈಪ್ ತಂಬಾಕು ಸಿಗುವುದು ಅಪರೂಪ. ಹೈದರಾಬಾದಿಗೆ ಹೋಗಿಬರುವವರು ದೊಡ್ಡ ತಂಬಾಕು ಅಂಗಡಿಗಳಲ್ಲಿ ವಿಚಾರಿಸಬಹುದು. ಮೊದಲಿಗೆ 50 ಗ್ರಾಂ ಸಾಕು, ಅದಕ್ಕಿಂತ ಹೆಚ್ಚು ತಂದರೆ ನಮ್ಮ ಬೇಸಿಗೆಯಲ್ಲಿ ಪುಡಿಯಾಗುತ್ತದೆ.

ಪೈಪ್ ಕೊಳ್ಳುವಾಗ ಕೆತ್ತನೆ ನೋಡಿ ಮಾರುಹೋಗಬೇಡಿ. ಬ್ರಯರ್ ಎಂಬುದು ಮೆಡಿಟರೇನಿಯನ್ ಕಡೆಯ ಒಂದು ಪೊದೆಯ ಬೇರುಗಂಟು. ಬೆಂಕಿ ತಡೆಯುತ್ತದೆ, ತೇವ ಹೀರುತ್ತದೆ. ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆಯ ದಿಂಡಿನ ಪೈಪ್ ಅಗ್ಗ, ಒಳಗೋಡೆಗೆ ಇದ್ದಿಲ ಪದರ ಕಟ್ಟಿಸಿ ಪಳಗಿಸುವ ಕೆಲಸವಿಲ್ಲ, ಮೊದಲ ಪೈಪಿಗೆ ಅದೇ ಚಲೋ. ಸಂತೆಯಲ್ಲಿ ಸಿಗುವ ಬಣ್ಣ ಹಚ್ಚಿದ ಗೊತ್ತಿಲ್ಲದ ಮರದ ಪೈಪ್ ಬೇಡ. ಬೌಲಿನ ಒಳಗೋಡೆಯೇ ಸುಟ್ಟು ತೂತು ಬೀಳುತ್ತದೆ. ಬೌಲಿನ ಒಳಗಿನ ಅಗಲ ಸುಮಾರು 19 ಮಿ.ಮೀ., ಆಳ 35ರಿಂದ 40 ಮಿ.ಮೀ. ಇದ್ದರೆ 2ರಿಂದ 3 ಗ್ರಾಂ ತಂಬಾಕು ಹಿಡಿಯುತ್ತದೆ, 40 ನಿಮಿಷ ಬರುತ್ತದೆ. ಮೇಲಿಂದ ಇಣುಕಿದಾಗ ಗಾಳಿರಂಧ್ರ ಬೌಲಿನ ತಳಕ್ಕೆ ಸರಿಯಾಗಿ ತೆರೆದಿರಬೇಕು. ಮೇಲಕ್ಕಿದ್ದರೆ ತಳದ ತಂಬಾಕು ಒದ್ದೆಯಾಗಿ ಉಳಿಯುತ್ತದೆ. ಜೊತೆಗೆ ಬೇಕಾದ್ದು ಒತ್ತುಗಡ್ಡಿ, ಹತ್ತಿ ಸುತ್ತಿದ ತಂತಿಯ ಪೈಪ್ ಕ್ಲೀನರ್, ಕಡ್ಡಿಪೆಟ್ಟಿಗೆ.

ತಂಬಾಕಿನ ತೇವ ನೋಡುವುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಅರ್ಧ ತೊಂದರೆ ಅಲ್ಲೇ ಹುಟ್ಟುತ್ತದೆ. ಒಂದು ಚಿಟಿಕೆ ಒತ್ತಿ ಬಿಡಿ. ಉಂಡೆಯಾಗಿ ಉಳಿದರೆ ಹಸಿ. ಪಟಪಟ ಮುರಿದರೆ ಅತಿಯಾಗಿ ಒಣಗಿದೆ. ನಿಧಾನ ಬಿಚ್ಚಿಕೊಂಡರೆ ಹದ. ಹಸಿ ಇದ್ದರೆ ಕಾಗದದ ಮೇಲೆ ಹರವಿಡಿ. ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲಿನ ಒಣಗಾಳಿಗೆ 10 ನಿಮಿಷವೇ ಹೆಚ್ಚಾಗಬಹುದು, ಆಗಸ್ಟಿನಲ್ಲಿ ಒಂದು ತಾಸು ಬೇಕಾದೀತು. ಗಡಿಯಾರಕ್ಕಿಂತ ಬೆರಳನ್ನು ನಂಬಿ.

ತುಂಬುವುದು ಮೂರು ಹಂತ. ಮೊದಲ ಪದರವನ್ನು ಒತ್ತದೆ ಉದುರಿಸಿ, ಬೌಲ್ ತುಂಬುವಷ್ಟು ಹಾಕಿ ಅರ್ಧಕ್ಕೆ ಇಳಿಯುವಂತೆ ಹಗುರವಾಗಿ ಒತ್ತಿ. ಮತ್ತೆ ತುಂಬಿ, ಮುಕ್ಕಾಲಿಗೆ ತನ್ನಿ, ಈ ಸಲ ಸ್ವಲ್ಪ ಬಿಗಿ. ಮೂರನೆಯದು ಅಂಚಿಗಿಂತ ತುಸು ಕೆಳಗೆ ಬರುವಂತೆ ಇನ್ನೂ ಸ್ವಲ್ಪ ಬಿಗಿ. ಹಚ್ಚುವ ಮುಂಚೆ ಎಳೆದು ನೋಡಿ: ಎಳನೀರಿನ ಸ್ಟ್ರಾದಲ್ಲಿ ಎಳೆದಷ್ಟೇ ತಡೆ ಇರಬೇಕು. ಗಾಳಿಯೇ ಬರದಿದ್ದರೆ ಕೆರೆದು ತೆಗೆದು ಮತ್ತೆ ತುಂಬಿ. ಒತ್ತಿ ತುಂಬಿದ್ದನ್ನು ಜೋರಾಗಿ ಎಳೆದು ಸರಿಮಾಡಲು ಹೊರಟರೆ ಆ ಎಳೆತ ನೇರ ಎದೆಗೇ ಹೋಗುತ್ತದೆ.

ಕಡ್ಡಿ ಗೀರಿದ ಮೇಲೆ ತುದಿಯ ಮದ್ದು ಉರಿದುಹೋಗಲು ಎರಡು ಸೆಕೆಂಡ್ ಬಿಡಿ, ಇಲ್ಲದಿದ್ದರೆ ಗಂಧಕದ ರುಚಿ ಬರುತ್ತದೆ. ಬೆಂಕಿಯನ್ನು ಮೇಲೆ ಸುತ್ತಾಡಿಸುತ್ತ ಸಣ್ಣಗೆ ನಾಲ್ಕೈದು ಸಲ ಎಳೆಯಿರಿ. ತಂಬಾಕು ಉಬ್ಬಿ ಕರಿಯಾಗುತ್ತದೆ, ಆರುತ್ತದೆ. ಅದು ತಪ್ಪಲ್ಲ. ಒತ್ತುಗಡ್ಡಿಯಿಂದ ಹಗುರವಾಗಿ ಸಮ ಮಾಡಿ ಮತ್ತೆ ಹಚ್ಚಿ. ಎರಡನೆಯ ಸಲ ಹೊತ್ತಿದ್ದೇ ನಿಜವಾದ ಬೆಂಕಿ.

ಈಗ ಉಸಿರಿನ ವಿಷಯ. ಉಸಿರಾಟ ಮೂಗಿನಿಂದ ನಡೆಯುತ್ತಲೇ ಇರಲಿ. ಕೆನ್ನೆಯಿಂದ ಮಾತ್ರ, ಬಿಸಿ ಚಹಾ ಗುಟುಕರಿಸುವಷ್ಟು ಸಣ್ಣದಾಗಿ ಎಳೆದು, ಹೊಗೆಯನ್ನು ನಾಲಿಗೆಯ ಮೇಲೆ ಕ್ಷಣ ನಿಲ್ಲಿಸಿ ಬಿಟ್ಟುಬಿಡಿ. ಮೂಗಿನಿಂದ ಉಸಿರಾಡುತ್ತಲೇ ಎಳೆಯಲು ಬಂದರೆ ಹೊಗೆ ಎದೆಗೆ ಹೋಗುತ್ತಿಲ್ಲ ಎಂದರ್ಥ. ನಿಮಿಷಕ್ಕೆ ಎರಡು, ಹೆಚ್ಚೆಂದರೆ ಮೂರು ಗುಟುಕು. ಬೌಲನ್ನು ಕೆನ್ನೆಗೆ ತಾಗಿಸಿ ನೋಡಿ. ತಾಳಲಾಗದಷ್ಟು ಬಿಸಿಯಿದ್ದರೆ ಕೆಳಗಿಟ್ಟು ಆರಲು ಬಿಡಿ. ಸಿಗರೇಟಿನ ಕಾಗದ ತಾನಾಗಿ ಉರಿಯುತ್ತಿರುವಂತೆ ಮಾಡಿರುತ್ತಾರೆ, ಪೈಪಿಗೆ ಅದಿಲ್ಲ. ಒಂದು ಬೌಲಿಗೆ ನಾಲ್ಕೈದು ಸಲ ಹಚ್ಚಬೇಕಾದರೂ ಬೇಸರ ಬೇಡ. ಆರಬಾರದೆಂದು ಎಳೆಯುತ್ತಲೇ ಇರುವವನು ಬಾಯಿ ಸುಟ್ಟುಕೊಳ್ಳುತ್ತಾನೆ.

ತಲೆಸುತ್ತು, ಬಿಕ್ಕಳಿಕೆ, ವಾಕರಿಕೆ ಬಂದರೆ ನಿಕೋಟಿನ್ ಹೆಚ್ಚಾಯಿತು. ಕೆಳಗಿಟ್ಟು ಬೆಲ್ಲದ ತುಂಡು ಬಾಯಿಗೆ ಹಾಕಿ ನೀರು ಕುಡಿಯಿರಿ. ಬರಿಹೊಟ್ಟೆಯಲ್ಲಿ ಸೇದಲೇಬಾರದು, ರೊಟ್ಟಿ ಊಟವಾದ ಮೇಲಿನ ಹೊತ್ತು ಸರಿ. ಒಳಗೆ ಗುಳುಗುಳು ಸದ್ದು ಬಂದರೆ ಹಬೆ ತಣಿದು ನೀರಾಗಿದೆ: ಕ್ಲೀನರನ್ನು ಬಾಯಿಗಿಡುವ ಕೊಳವೆಯಿಂದ ತಳದವರೆಗೆ ತೂರಿಸಿ ಹೀರಿಸಿ ತೆಗೆಯಿರಿ. ನಾಲಿಗೆ ಉರಿದರೆ ಎರಡು ದಿನ ಬಿಡಿ. ಮೂರು ವಾರದಲ್ಲಿ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ ಕಂಡರೆ ಪೈಪನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ತಡ ಬೇಡ.

ಸಿಗರೇಟನ್ನು ಯಾವಾಗ ನಿಲ್ಲಿಸುವುದು? ಪೈಪ್ ಶುರು ಮಾಡಿದ ದಿನವೇ. ಎರಡನ್ನೂ ಇಟ್ಟುಕೊಂಡರೆ ಪೈಪ್ ಬರೀ ಹೆಚ್ಚುವರಿ ತಂಬಾಕಾಗುತ್ತದೆ. ಬಸ್‌ಸ್ಟ್ಯಾಂಡಿನ ಐದು ನಿಮಿಷದ ಚಟಕ್ಕೆ ಪೈಪ್ ಎಂದೂ ಬದಲಿಯಾಗದು. ಅದಕ್ಕೆ ಕುಳಿತ ಜಾಗ, ನಿಂತ ಗಾಳಿ, ಮುಕ್ಕಾಲು ತಾಸು ಬೇಕು. ಹಗಲಿನ ತುಡಿತಕ್ಕೆ ಮೆಡಿಕಲ್ ಅಂಗಡಿಯ 2 ಮಿ.ಗ್ರಾಂ ನಿಕೋಟಿನ್ ಗಮ್ ಇಟ್ಟುಕೊಳ್ಳಿ. ಚುರುಚುರು ಎನ್ನುವವರೆಗೆ ಅಗಿದು, ಕೆನ್ನೆ–ಒಸಡಿನ ನಡುವೆ ಒತ್ತಿಡಿ. ಚುರುಚುರು ಹೋದ ಮೇಲೆ ಮತ್ತೆ ಅಗಿಯಿರಿ, ಉಗುಳು ನುಂಗಬೇಡಿ. ಗಮ್ ಬಾಯಲ್ಲಿರುವಾಗ ಪೈಪ್ ಬೇಡ. ವಾರ ಎರಡು ಕಳೆದರೂ ಹೊಗೆ ಎದೆಗೇ ಇಳಿಯುತ್ತಿದ್ದರೆ ಪೈಪ್ ನಿಮಗಲ್ಲ, ಗಮ್ ಮತ್ತು ಸಹಾಯವಾಣಿಯ ದಾರಿಯೇ ನಿಮ್ಮದು.

ಬೀದರಿನ ಬಿದ್ರಿ ಕಲೆಯ ಹುಕ್ಕಾ ತಳಗಳು ಹೆಸರಾದವು. ಅದನ್ನು ನೋಡಿ, ನೀರಿನಲ್ಲಿ ಹಾಯ್ದ ಹೊಗೆ ನಿರಪಾಯವೆಂದು ತಿಳಿಯುವವರಿದ್ದಾರೆ. ನೀರು ಹೊಗೆಯನ್ನು ತಣಿಸುತ್ತದೆ, ವಿಷ ತೆಗೆಯುವುದಿಲ್ಲ. ತಣ್ಣಗಿದ್ದುದನ್ನು ಇನ್ನೂ ಆಳಕ್ಕೆ ಎಳೆಯುತ್ತಾರೆ. ಕಾನೂನೂ ಪೈಪಿಗೆ ಬೇರೆಯಲ್ಲ. 2003ರ ತಂಬಾಕು ಕಾಯ್ದೆ ಪೈಪಿನಿಂದ ಸೇದುವುದನ್ನೂ ಧೂಮಪಾನವೆಂದೇ ಎಣಿಸುತ್ತದೆ; ಸಾರ್ವಜನಿಕ ಜಾಗದಲ್ಲಿ ಹಚ್ಚುವಂತಿಲ್ಲ. ಮನೆಯಲ್ಲೂ ಮಕ್ಕಳಿರುವ ಪಡಸಾಲೆ ಬೇಡ, ಮಾಳಿಗೆ ಮೇಲೆ ಹೋಗಿ.

ಸೇದಿ ಮುಗಿದ ಮೇಲೆ ಪೈಪ್ ಪೂರ್ತಿ ತಣ್ಣಗಾಗುವವರೆಗೆ ಕೊಳವೆ ಬಿಚ್ಚಬೇಡಿ. ಬಿಸಿಯಲ್ಲಿ ತಿರುಗಿಸಿದರೆ ಕೊಳವೆ ಕೂಡುವ ಪೈಪಿನ ಕುತ್ತಿಗೆ ಸೀಳುತ್ತದೆ. ಬೂದಿ ಕೊಡವಿ, ಕ್ಲೀನರ್ ಹಾಯಿಸಿ, ಒಂದು ದಿನ ಬಿಡುವು ಕೊಡಿ. ಬ್ರಯರಿನ ಒಳಗೋಡೆಗೆ ಕಟ್ಟುವ ಇದ್ದಿಲ ಪದರ ಒಂದು ರೂಪಾಯಿ ನಾಣ್ಯದ ದಪ್ಪಕ್ಕಿಂತ ಹೆಚ್ಚಾಗದಂತೆ ಆಗಾಗ ಕೆರೆಯಿರಿ, ಬೆಳೆಯಬಿಟ್ಟರೆ ಕಾವಿಗೆ ಹಿಗ್ಗಿ ಬೌಲ್ ಒಡೆಯುತ್ತದೆ. ಪೈಪನ್ನು ಬಿಸಿಲಲ್ಲಿ, ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಕರಿ ರಬ್ಬರಿನ ಕೊಳವೆ ಹಸಿರು–ಕಂದಾಗಿ ಕಹಿಯಾಗುತ್ತದೆ. ತಂಬಾಕನ್ನು ಉಪ್ಪಿನಕಾಯಿ ವಾಸನೆಯಿಲ್ಲದ ಗಾಜಿನ ಬಾಟಲಿಯಲ್ಲಿ, ಬಿಗಿ ಮುಚ್ಚಳ ಹಾಕಿ, ಮಕ್ಕಳ ಕೈಗೆ ಸಿಗದ ಕತ್ತಲೆಯ ಕಪಾಟಿನಲ್ಲಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆರೆದು ಮೂಸಿ ನೋಡಿ. ಬೂಷ್ಟಿನ ವಾಸನೆ ಅಥವಾ ಬಿಳಿ ನೂಲಿನಂಥದು ಕಂಡರೆ ಒಣಗಿಸಿ ಉಳಿಸಿಕೊಳ್ಳಲು ಹೋಗದೆ ಅಷ್ಟನ್ನೂ ಚೆಲ್ಲಿ, ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ.