ಕುಡಿತ ಬಿಡಿಸಲು ವೀಡಿಯೊ ಕರೆ: ನನ್ನ ಅನುಭವ

ಕುಡಿತ ಬಿಡಬೇಕೆಂದು ನನ್ನ ಬಳಿ ಚಿಕಿತ್ಸೆಗೆ ಬರುವ ಅನೇಕರು ಎರಡನೆಯ ಭೇಟಿಗೆ ಬರುವುದಿಲ್ಲ. ಮನಸ್ಸಿಲ್ಲದೆ ಅಲ್ಲ. ಮಲೆನಾಡಿನ ಒಳಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗಲು ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿಳಿದರೆ ಎದುರಿಗೇ ಬಾರ್. 2020ರ ಮಾರ್ಚ್ 25ರಂದು ಫೋನ್, ವೀಡಿಯೊ ಮೂಲಕ ಚಿಕಿತ್ಸೆ ಕೊಡುವ ಬಗೆಗಿನ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ಮರುಭೇಟಿಗಳನ್ನು ನಾನು ವೀಡಿಯೊ ಕರೆಗೆ ವರ್ಗಾಯಿಸಿದೆ.

ಮೊದಲ ಭೇಟಿ ಮಾತ್ರ ಎದುರಿನಲ್ಲೇ ಆಗಬೇಕು. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಎರಡು ಮೂರು ದಿನಗಳಲ್ಲಿ ಸನ್ನಿ ಬಂದು ಜೀವಕ್ಕೇ ಅಪಾಯವಾಗಬಹುದು. ಅದಕ್ಕೆ ಬೇಕಾದ ಡಯಾಜೆಪಾಮ್‌ನಂಥ ಔಷಧಗಳು ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬರುವುದರಿಂದ ಫೋನಿನಲ್ಲಿ ಬರೆಯುವಂತಿಲ್ಲ. ಹೆರಾಯಿನ್ ವ್ಯಸನಿಗಳಿಗೆ ಚಿಕಿತ್ಸೆಯಾಗಿ ಕೊಡುವ ಬುಪ್ರೆನಾರ್ಫಿನ್ ಎಂಬ ಔಷಧಕ್ಕೂ ಇದೇ ನಿರ್ಬಂಧ. ಬುಪ್ರೆನಾರ್ಫಿನ್ ಮೇಲಿನ ಈ ನಿರ್ಬಂಧವನ್ನು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ 2020ರಿಂದ ಹೊಸ ರೋಗಿಗೂ ಫೋನಿನ ಮೂಲಕವೇ ಅದನ್ನು ಬರೆಯಲು ಅವಕಾಶವಿದೆ.

ನಡುಕ ಇಳಿದ ಮೇಲೆ, ಯಕೃತ್ತಿನ ರಕ್ತಪರೀಕ್ಷೆ ನೋಡಿ, ಸಾಮಾನ್ಯವಾಗಿ ದಿನಕ್ಕೊಂದು 50 ಮಿಲಿಗ್ರಾಂ ನಾಲ್ಟ್ರೆಕ್ಸೋನ್ ಕೊಡುತ್ತೇನೆ; ಕುಡಿಯುವ ತುಡಿತ ತಗ್ಗಿಸುವ ಮಾತ್ರೆ ಇದು. ಸೊಂಟನೋವಿಗೆ ಟ್ರಮಡಾಲ್ ನುಂಗುತ್ತಿದ್ದಾರೆಯೇ ಎಂದು ಮೊದಲು ಕೇಳಲೇಬೇಕು. ಟ್ರಮಡಾಲ್ ಅಫೀಮಿನ ಬಗೆಯ ನೋವಿನ ಮಾತ್ರೆ, ನಾಲ್ಟ್ರೆಕ್ಸೋನ್ ಅದಕ್ಕೆ ತಡೆಯೊಡ್ಡುತ್ತದೆ, ಹಾಗಾಗಿ ಎರಡೂ ಒಟ್ಟಿಗೆ ಆಗದು. ಯಕೃತ್ತು ಕೆಟ್ಟಿದ್ದರೆ ಅಕಾಂಪ್ರೊಸೇಟ್ ಇದೆ, ಆದರೆ ದಿನಕ್ಕೆ ಆರು ಮಾತ್ರೆ. ತೋಟದ ಕೆಲಸಕ್ಕೆ ಹೋಗುವವರು ಮಧ್ಯಾಹ್ನದ್ದನ್ನು ಮರೆಯುತ್ತಾರೆ. ಚೀಟಿ ಕಳುಹಿಸುವ ಮೊದಲು ಆ ಊರಿನ ಔಷಧ ಅಂಗಡಿಗೆ ಫೋನ್ ಮಾಡಿ ದಾಸ್ತಾನು ಕೇಳಿಕೊಳ್ಳುವುದು ನನ್ನ ರೂಢಿ.

ಕರೆಯಲ್ಲಿ ಎರಡೂ ಕೈ ಮುಂದೆ ಚಾಚಿ ಬೆರಳು ಬಿಡಿಸಲು ಹೇಳುತ್ತೇನೆ. ಅಡಿಕೆ ಕೊನೆ ಕೊಯ್ಯುವ ಒಬ್ಬರು ಸಿಗ್ನಲ್‌ಗಾಗಿ ಮನೆಯ ಹಿಂದಿನ ಗುಡ್ಡ ಹತ್ತಿ ನಿಲ್ಲುತ್ತಿದ್ದರು. ಹೆಂಡತಿ ಫೋನ್ ಹಿಡಿದರೆ ಇವರು ಕೈ ಚಾಚುತ್ತಿದ್ದರು. ಬೆರಳ ತುದಿಯ ಕಂಪನ ಸಣ್ಣ ಪರದೆಯಲ್ಲೂ ಕಾಣುತ್ತದೆ. ಮರ ಹತ್ತುವವರಿಗೆ ಅದು ಸಣ್ಣ ವಿಷಯವಲ್ಲ. ಆಮೇಲೆ ಹಳದಿಯಾಗಿದೆಯೇ ಎಂದು ಕಣ್ಣಿನ ಬಿಳಿಭಾಗ, ಆಮೇಲೆ ಮಾತ್ರೆಯ ಸ್ಟ್ರಿಪ್: ಎಷ್ಟು ಖಾಲಿಯಾಗಿದೆ ಎಂದು ಎಣಿಸುತ್ತೇನೆ.

ಆ ಹೆಂಡತಿಯೇ ಒಮ್ಮೆ ದನಿ ತಗ್ಗಿಸಿ, “ಡಾಕ್ಟರೇ, ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕುವ ಮಾತ್ರೆ ಬರೆದುಕೊಡಿ” ಎಂದರು. ಅನೇಕ ಮನೆಗಳ ಬೇಡಿಕೆ ಇದು. ನಾನು ಖಂಡಿತ ಬರೆಯುವುದಿಲ್ಲ. ಅವರು ಕೇಳುವುದು ಡೈಸಲ್ಫಿರಾಮ್, ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಮಾತ್ರೆ. ಅದು ಮೈಯಲ್ಲಿರುವಾಗ ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಸಾವೂ ಸಂಭವಿಸಬಹುದು, ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಆ ಅಪಾಯ ಉಳಿಯಬಹುದು. ರೋಗಿಯೇ ಅರ್ಥಮಾಡಿಕೊಂಡು ಒಪ್ಪಬೇಕು. “ಅಮ್ಮಾ, ಕದ್ದು ಕೊಡುವುದು ಬೇಡ, ಅವರನ್ನೇ ಕರೆಯಿರಿ” ಎಂದು ಇಬ್ಬರನ್ನೂ ಕೂರಿಸಿಕೊಂಡು ಮಾತನಾಡಿದೆ.

ಹೇಳಿದ ಹೊತ್ತಿಗೆ ಕರೆ ಬರದಿದ್ದರೆ ನಾನೇ ಮಾಡುತ್ತೇನೆ. ಕುಡಿದು ಮಾತನಾಡಿದರೂ ಬೈಯದೆ ಮರುದಿನ ಬೆಳಗಿನ ಸಮಯ ಕೊಡುತ್ತೇನೆ. ಒಂದು ದಿನ ಕುಡಿದರೆಂದು ನಾಲ್ಟ್ರೆಕ್ಸೋನ್ ನಿಲ್ಲಿಸಬೇಕಾಗಿಲ್ಲ. ಇದನ್ನು ಪ್ರತಿ ಕರೆಯಲ್ಲೂ ಹೇಳುತ್ತೇನೆ, ಏಕೆಂದರೆ ಕುಡಿದ ನಾಚಿಕೆಗೆ ಮಾತ್ರೆಯನ್ನೇ ಬಿಟ್ಟುಬಿಡುವವರು ಬಹಳ.