ಅಂಗಡಿಯ ಕಂಪ್ಯೂಟರಿಗೆ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಳ್ಳುವ ಬಗೆ

ದಾವಣಗೆರೆಯ ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವ ನಾನು ಜಿಎಸ್‌ಟಿ, ಇ-ವೇ ಬಿಲ್, ಬ್ಯಾಂಕು, ಇ-ಮೇಲ್ ಇವೆಲ್ಲದರ ಪಾಸ್‌ವರ್ಡುಗಳನ್ನೂ ಬಹುಕಾಲ ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡಿದ್ದೆ. ರಿಟರ್ನ್ ಸಲ್ಲಿಸುವ ಕಡೆಯ ದಿನವೇ ಆ ಪುಟದ ಮೇಲೆ ಚಹಾ ಚೆಲ್ಲಿ, ಬರೆದದ್ದು ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ತಿಳಿಯದೆ ಒದ್ದಾಡಿದ ಮೇಲೆ ಕೀಪಾಸ್‌ಎಕ್ಸ್‌ಸಿ ಎಂಬ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಂಡೆ. ಅದು ಉಚಿತ, ಎಲ್ಲ ಪಾಸ್‌ವರ್ಡುಗಳೂ ಗೂಢಲಿಪಿಯಾಗಿ ನಮ್ಮದೇ ಕಂಪ್ಯೂಟರಿನ ಒಂದು ಫೈಲಿನಲ್ಲಿರುತ್ತವೆ.

ಹಾಕಿಕೊಳ್ಳುವುದು ಐದು ನಿಮಿಷದ ಕೆಲಸ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತುಗಳನ್ನು ಒತ್ತದೆ, ಕೀಪಾಸ್‌ಎಕ್ಸ್‌ಸಿ ಡಾಟ್ ಆರ್ಗ್ (keepassxc.org) ಎಂಬ ವಿಳಾಸವನ್ನೇ ಟೈಪ್ ಮಾಡಿ, ವಿಂಡೋಸ್‌ಗಾಗಿ ಇರುವ ಎಂಎಸ್‌ಐ ಫೈಲನ್ನು ಇಳಿಸಿಕೊಂಡು ಇನ್‌ಸ್ಟಾಲ್ ಮಾಡಿ. ತೆರೆದ ಮೇಲೆ ‘ಕ್ರಿಯೇಟ್ ಡೇಟಾಬೇಸ್’ ಒತ್ತಿ, ಹೆಸರು ಕೊಟ್ಟು, ಗೂಢಲಿಪಿಯ ಆಯ್ಕೆಗಳನ್ನು ಇದ್ದ ಹಾಗೆಯೇ ಬಿಟ್ಟು ಮುಂದುವರಿಯಿರಿ.

ಮುಂದಿನ ಪರದೆ ಕೇಳುವ, ಇಡೀ ಫೈಲನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡಿಗೆ ಮಾತ್ರ ಆತುರ ಬೇಡ, ಏಕೆಂದರೆ ಅದನ್ನು ಮರೆತರೆ ಒಟಿಪಿ ಕಳುಹಿಸಿ ಬಾಗಿಲು ತೆಗೆಸುವವರು ಯಾರೂ ಇಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು, ಕುಂಟೆ, ಜಮಖಾನ, ಬುಗುರಿ, ಏಣಿ, ತೊಗರಿ ಎಂಬಂತೆ, ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿಕೊಳ್ಳಿ. ಮಂಡಕ್ಕಿಯ ಪಕ್ಕದಲ್ಲಿ ಮಿರ್ಚಿ ಇಟ್ಟರೆ ನಮ್ಮೂರಿನ ಯಾರು ಬೇಕಾದರೂ ಊಹಿಸುತ್ತಾರೆ. ಇಲ್ಲಿ ಕೊಟ್ಟಿರುವ ಪದಗಳನ್ನೂ ಬಳಸಬೇಡಿ. ಅದನ್ನು ಕಾಗದದಲ್ಲಿ ಬರೆದು, ಲಕೋಟೆ ಅಂಟಿಸಿ, ಮನೆಯ ಬೀರುವಿನಲ್ಲಿಡಿ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಬೇಡ.

ಮೊದಲ ನಮೂದಾಗಿ ಜಿಎಸ್‌ಟಿ ಖಾತೆಯನ್ನೇ ತೆಗೆದುಕೊಳ್ಳಿ. ‘ಆಡ್ ಎಂಟ್ರಿ’ಯಲ್ಲಿ ಬಳಕೆದಾರ ಹೆಸರು, ಜಾಲತಾಣದ ವಿಳಾಸ, ಈಗಿನ ಪಾಸ್‌ವರ್ಡ್ ತುಂಬಿ ಉಳಿಸಿ. ಬಳಿಕ ನಮೂದನ್ನು ಮತ್ತೆ ತೆರೆದು, ಪಾಸ್‌ವರ್ಡಿನ ಪಕ್ಕದ ದಾಳದ ಚಿತ್ರ ಒತ್ತಿ ಹೊಸದನ್ನು ಹುಟ್ಟಿಸಿ. ಜಿಎಸ್‌ಟಿ ಪೋರ್ಟಲ್ 8ರಿಂದ 15 ಅಕ್ಷರಗಳನ್ನಷ್ಟೇ ಒಪ್ಪುವುದರಿಂದ ಉದ್ದವನ್ನು 15ಕ್ಕೆ ಇಳಿಸಬೇಕಾಗುತ್ತದೆ. ಹೊಸದನ್ನು ಇಲ್ಲಿ ಉಳಿಸಿದ ನಂತರವೇ ಪೋರ್ಟಲಿನಲ್ಲಿ ಬದಲಿಸಿ. ನಡುವೆ ಕರೆಂಟ್ ಹೋದರೂ ಹಳೆಯದು ನಮೂದಿನ ‘ಹಿಸ್ಟರಿ’ಯಲ್ಲಿ ಸಿಗುತ್ತದೆ. ದಿನಬಳಕೆಯಲ್ಲಿ ನಮೂದನ್ನು ಆರಿಸಿ ಕಂಟ್ರೋಲ್-ಬಿ ಒತ್ತಿದರೆ ಹೆಸರೂ, ಕಂಟ್ರೋಲ್-ಸಿ ಒತ್ತಿದರೆ ಪಾಸ್‌ವರ್ಡೂ ನಕಲಾಗುತ್ತವೆ. ನಕಲು 10 ಸೆಕೆಂಡಿನಲ್ಲಿ ತಾನೇ ಅಳಿಯುವುದರಿಂದ ಬೇಗ ಅಂಟಿಸಬೇಕು. ಕುರ್ಚಿ ಬಿಟ್ಟು ಏಳುವಾಗ ಕಂಟ್ರೋಲ್-ಎಲ್ ಒತ್ತಿ ಬೀಗ ಹಾಕಿ.

ಕೊನೆಯದಾಗಿ, ಕೆಡಿಬಿಎಕ್ಸ್ ಎಂದು ಕೊನೆಗೊಳ್ಳುವ ಆ ಫೈಲನ್ನು ಪ್ರತಿ ಶನಿವಾರ ಪೆನ್‌ಡ್ರೈವಿಗೆ ನಕಲು ಮಾಡಿ, ಒಮ್ಮೆಯಾದರೂ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅದು ಅಲ್ಲಿ ತೆರೆದುಕೊಂಡ ಮೇಲೆಯೇ ನಾನು ಡೈರಿಯ ಆ ಪುಟವನ್ನು ಹರಿದು ಹಾಕಿದ್ದು.